ನೀರಿಲ್ಲದ ಪಾರ್ಕಿಗೆ ಒಂದು ಡಬ್ಬಿ ಉಂಡಿ

ಗೇಟಿನಲ್ಲಿದ್ದ ಕಾವಲುಗಾರ ನನ್ನ ಹಣೆಗೆ ಪಿಸ್ತೂಲಿನಂಥ ಯಂತ್ರ ಹಿಡಿದು, "ಎಷ್ಟ ಮಂದಿ ಅದೀರಿ?" ಎಂದು ಕೇಳಿದ.

"ಒಬ್ಬಾಕಿ."

ಅವನು ನನ್ನ ಹಿಂದೆ ಇಣುಕಿ ನೋಡಿದ. ಹಿಂದೆ ಹೆದ್ದಾರಿ ಇತ್ತು, ನನ್ನನ್ನು ಇಳಿಸಿ ಕಿತ್ತೂರಿನ ಕಡೆ ತಿರುಗುತ್ತಿದ್ದ ಟಂಟಂ ಆಟೋ ಇತ್ತು. "ಒಬ್ಬರ ಪಾರ್ಕಿಗೆ ಬಂದೀರೇನ್ರಿ?"

"ಯಾಕ, ಒಬ್ಬರು ಬರಬಾರದಂತ ಬೋರ್ಡ್ ಹಾಕೀರೇನು?" ಎಂದೆ. ವರ್ಷಗಟ್ಟಲೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ದನಿ ನನ್ನದು, ಮಾಸ್ಕಿನೊಳಗಿಂದಲೂ ಅದು ಸಣ್ಣದಾಗುವುದಿಲ್ಲ. ಅವನು ತೆಪ್ಪಗೆ ಕೈಗೆ ಸ್ಯಾನಿಟೈಸರ್ ಹಾಕಿ ಒಳಗೆ ಬಿಟ್ಟ.

ಕೊರೋನಾದ ಎರಡನೆಯ ವರ್ಷದ ಮಳೆಗಾಲ ಅದು. ಲಾಕ್‌ಡೌನ್ ಸಡಿಲಾಗಿ ನೀರಿನಾಟದ ಆ ಪಾರ್ಕು ಅರ್ಧಂಬರ್ಧ ಬಾಗಿಲು ತೆರೆದಿತ್ತು. ಬೈಲಹೊಂಗಲದ ನಮ್ಮ ಓಣಿಯ ಹೆಂಗಸರು ಒಂದು ಕ್ರೂಸರ್ ಗಾಡಿ ಮಾಡಿಕೊಂಡು ಅಲ್ಲಿಗೆ ಹೊರಟಿದ್ದರು. ನಾನು ಮಾತ್ರ ಕಿತ್ತೂರಿನವರೆಗೆ ಬಸ್ಸಿನಲ್ಲಿ, ಅಲ್ಲಿಂದ ಟಂಟಂನಲ್ಲಿ ಬಂದಿದ್ದೆ. ನನ್ನ ಚೀಲದಲ್ಲಿ ಬುತ್ತಿಯ ಜೊತೆ ಒಂದು ಸ್ಟೀಲ್ ಡಬ್ಬಿ ಇತ್ತು. ಡಬ್ಬಿ ನನ್ನದಲ್ಲ, ಎದುರು ಮನೆಯಾಕೆಯದು, ನಾನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದವರದು. ಆ ದಿನ ಅದನ್ನು ಅವರ ಕೈಗೆ ಮುಟ್ಟಿಸಲೇಬೇಕಿತ್ತು. ಅವರ ಯಜಮಾನರು ನಿವೃತ್ತರಾಗಿದ್ದರು, ಆ ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಸ್ವಂತ ಊರು ರಾಮದುರ್ಗಕ್ಕೆ ಹೋಗುವವರಿದ್ದರು.

ನಮ್ಮ ಕಡೆ ಡಬ್ಬಿಗೆ ಅದರದೇ ರೀತಿ ರಿವಾಜು ಇದೆ. ಒಬ್ಬರ ಮನೆಯಿಂದ ಏನಾದರೂ ತುಂಬಿ ಬಂದ ಡಬ್ಬಿಯನ್ನು ಬರಿದಾಗಿ ತಿರುಗಿ ಕೊಡುವಂತಿಲ್ಲ. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಹಾಗೆಯೇ, ಕೊಟ್ಟವರು ಅದನ್ನು ಬಾಯಿಬಿಟ್ಟು ಕೇಳುವಂತಿಲ್ಲ. ವೈನಿಯ ಆ ಡಬ್ಬಿ ಎಷ್ಟು ವರ್ಷ ನಮ್ಮಿಬ್ಬರ ಮನೆಗಳ ನಡುವೆ ರಸ್ತೆ ದಾಟಿದೆಯೋ ಲೆಕ್ಕವಿಲ್ಲ. ಹೋಗುವಾಗ ನನ್ನ ಶೇಂಗಾ ಚಟ್ನಿ, ಬರುವಾಗ ಅವರ ಗೋಧಿ ಬೆಲ್ಲದ ಮಾದಲಿ. ನಾನು ಮದುವೆಯಾಗಲಿಲ್ಲ. ತವರು ಮುರಗೋಡದಲ್ಲಿ ಈಗ ಅಣ್ಣನ ಸಂಸಾರವಿದೆ. ಬೈಲಹೊಂಗಲದ ಆ ಬಾಡಿಗೆ ಮನೆಯಲ್ಲಿ ನನ್ನನ್ನು "ಉಂಡೀರಿಲ್ಲೊ?" ಎಂದು ಕೇಳುತ್ತಿದ್ದವರು ವೈನಿ ಒಬ್ಬರೇ.

ಹಿಂದಿನ ವರ್ಷ ಮನೆ ಮನೆ ಸರ್ವೆ ಮಾಡಲು ನಮ್ಮಂಥ ಶಿಕ್ಷಕರನ್ನು ಹಾಕಿದ್ದರು. ಎಲ್ಲಿಂದಲೋ ಜ್ವರ ಹತ್ತಿಸಿಕೊಂಡು ಬಂದೆ. ವೈನಿ ಡಬ್ಬಿ ತುಂಬ ಮಾದಲಿ ಕೊಟ್ಟ ಮರುದಿನವೇ ಅಂಬುಲೆನ್ಸ್ ಬಂತು. ನಮ್ಮ ಓಣಿಗೆ ಮೊದಲ ಕೊರೋನಾ ತಂದವಳು ನಾನು. ನಾನು ಗಾಡಿ ಹತ್ತುವಾಗ ಎಲ್ಲ ಕಿಟಕಿಗಳೂ ತೆರೆದಿದ್ದವು, ಎಲ್ಲ ಬಾಗಿಲುಗಳೂ ಮುಚ್ಚಿದ್ದವು. ಓಣಿಯ ಬಾಯಿಗೆ ಬಿದಿರು, ತಗಡು ಕಟ್ಟಿದರು. ಹಾಲಿನವನು ಬರಲಿಲ್ಲ, ಕಾಯಿಪಲ್ಲೆ ಬರಲಿಲ್ಲ. ನಾನು ಗುಣವಾಗಿ ತಿರುಗಿ ಬಂದಾಗ ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು, ತಿರುಗಿ ನಾಲ್ಕು ಮಾತು ಅಂದು ಹಗುರಾಗುತ್ತಿದ್ದೆ. ನಾನು ಕಸ ಗುಡಿಸಲು ಹೊರಬಂದರೆ ಎದುರಿನವರಿಗೆ ಒಳಗೆ ಏನೋ ಕೆಲಸ ನೆನಪಾಗುತ್ತಿತ್ತು.

ಡಬ್ಬಿ ನನ್ನ ಅಡುಗೆಮನೆಯಲ್ಲಿ ಉಳಿಯಿತು. ಬರಿದಾಗಿ ಕೊಡುವಂತಿಲ್ಲ, ತುಂಬಿ ಕೊಟ್ಟರೆ ನನ್ನ ಕೈಯದನ್ನು ಯಾರು ತಿನ್ನುತ್ತಾರೆ? ವೈನಿ ಮೊಮ್ಮಗಳಿರುವ ಮನೆಯವರು. ಅವರು ಅದನ್ನು ಹಿತ್ತಲಿಗೆ ಚೆಲ್ಲುವುದನ್ನು ನಾನು ನೋಡಿಬಿಟ್ಟರೆ? ಆ ಭಯಕ್ಕೆ ಕೊಡಲಿಲ್ಲ. ಅವರೂ ಕೇಳಲಿಲ್ಲ. ಕೇಳಬಾರದೆಂಬ ರಿವಾಜು ಗೊತ್ತಿದ್ದರೂ, ಖಾಲಿ ಮನೆಯಲ್ಲಿ ಕುಳಿತವಳ ತಲೆ ಬೇರೆಯೇ ಓಡುತ್ತದೆ. ಕೊರೋನಾ ಮನೆಯಲ್ಲಿದ್ದ ಡಬ್ಬಿ ಅವರಿಗೆ ಬೇಡವಾಗಿದೆ ಎಂದುಕೊಂಡೆ. ದಿನಾ ಬೆಳಿಗ್ಗೆ ಚಹಾ ಕಾಸುವಾಗ ಅದು ಎದುರಿಗೇ ಕಾಣುತ್ತಿತ್ತು. ಒಂದೊಂದು ದಿನ ಅದರ ಮೇಲೂ ಸಿಟ್ಟು ಬರುತ್ತಿತ್ತು.

ಎರಡನೆಯ ವರ್ಷದ ನಾಗರ ಪಂಚಮಿಗೆ ಓಣಿಯಲ್ಲಿ ಉಂಡಿ ಹಂಚಲಿಲ್ಲ, ಜೋಕಾಲಿ ಕಟ್ಟಲಿಲ್ಲ. ಪಂಚಮಿ ಕಳೆದ ಮೇಲೆ ಒಂದು ಸಂಜೆ ವೈನಿ ತಮ್ಮ ಕಟ್ಟೆಯ ಮೇಲೆ ನಿಂತು, ರಸ್ತೆಯ ಆ ಕಡೆಯಿಂದಲೇ ಕೂಗಿದರು. "ಅಕ್ಕೋರ, ಐತ್ವಾರ ಎಲ್ಲಾರೂ ಪಾರ್ಕಿಗೆ ಹೊಂಟೇವ್ರಿ. ಪಂಚಮ್ಯಾಗಂತೂ ಜೋಕಾಲಿ ಆಡಲಿಲ್ಲ, ಅಲ್ಲ್ಯರ ಆಡೂಣು. ನೀವೂ ಬರ್ರಿ."

ಶಿಕ್ಷಕಿಯರಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಒಂದು ವರ್ಷದ ನಂತರ ಕೇಳಿದ ಕರೆ ಅದು. ಆದರೆ ನಾಲಿಗೆಗೆ ಹಮ್ಮು ಜಾಸ್ತಿ. ಗಾಡಿಯಲ್ಲಿ ನನ್ನ ಮಗ್ಗುಲಿಗೆ ಕೂರಬೇಕಾದವರು ಮೈ ಮುದುಡಿಕೊಂಡಾರು ಎಂದು ನೆನೆದು, "ನೀವು ಮುಂದ ಹೋಗ್ರಿ, ನಾ ಬಸ್ಸಿಗೆ ಬರತೇನಿ" ಎಂದೆ.

ಶನಿವಾರವೇ ಶೇಂಗಾ ಹುರಿದು ಉಂಡಿ ಕಟ್ಟಲು ಕುಳಿತೆ. ಮನಸ್ಸು ಎಲ್ಲಿತ್ತೋ, ಬೆಲ್ಲದ ಪಾಕ ಏರಿಬಿಟ್ಟಿತು. ಉಂಡಿಗಳು ಗುಂಡುಕಲ್ಲಾದವು. ಮತ್ತೆ ಮಾಡಲು ಶೇಂಗಾ ಇರಲಿಲ್ಲ. ಇದ್ದವನ್ನೇ ಡಬ್ಬಿಗೆ ತುಂಬಿದೆ.

ಪಾರ್ಕಿನೊಳಗೆ ಹೋದರೆ, ಅಯ್ಯೋ ಶಿವನೇ. ಎತ್ತರದ ಜಾರುಬಂಡೆಗಳು ಒಣಗಿ ಬಣ್ಣ ಬಿಟ್ಟಿದ್ದವು. ಅಲೆ ಏಳಬೇಕಾದ ದೊಡ್ಡ ಕೊಳದಲ್ಲಿ ಮಳೆಯ ಕೆಸರು, ನಾಲ್ಕು ಕಪ್ಪೆ. ಊರಿಗೆ ಬಂದಾಕಿ ನೀರಿಗೆ ಬರದೇ ಇರುತ್ತಾಳೇನು ಎಂದು ಗಾದೆ ಹೇಳುತ್ತಾರೆ. ನಾನು ನೀರಿಗೇ ಬಂದಿದ್ದೆ, ಬಾರದೇ ಇದ್ದದ್ದು ನೀರು. ತಂಗುವ ಕೋಣೆಗಳ ಸಾಲಿಗೆ ಬೀಗ, ಹೋಟೆಲ್ಲಿಗೆ ಬೀಗ. ಒಂದು ಕಿಟಕಿಯಲ್ಲಿ ಮಾತ್ರ ಚಹಾ ಕೊಡುತ್ತಿದ್ದರು. ಹೊರಗಿನ ತಿಂಡಿ ತರಬಾರದು ಎಂಬ ಹಳೆಯ ಬೋರ್ಡಿನ ಮೇಲೆ ಗೋಣಿಚೀಲ ಹೊದಿಸಿದ್ದರು. ಪ್ಲಾಸ್ಟಿಕ್ಕಿನ ಡೈನೋಸಾರ್ ಬಾಯಿಗೂ ಯಾರೋ ಹಳೆಯ ಟವೆಲಿನ ಮಾಸ್ಕ್ ಕಟ್ಟಿದ್ದರು. ಅಂತರ ಕಾಪಾಡಿ ಎಂದು ಧ್ವನಿವರ್ಧಕ ಹೇಳಿದ್ದನ್ನೇ ಹೇಳುತ್ತಿತ್ತು. ನನಗೆ ನಗು ಬಂತು. ಅಂತರ ಕಾಪಾಡುವುದರಲ್ಲಿ ನಾನು ಇಡೀ ತಾಲೂಕಿಗೆ ಪಾಠ ಹೇಳಬಲ್ಲವಳಾಗಿದ್ದೆ.

ಊಟಕ್ಕೆ ಕೂರಲು ದುಂಡು ಗುಡಿಸಲುಗಳಿದ್ದವು. ಓಣಿಯವರು ಒಂದರಲ್ಲಿ ಕುಳಿತಿದ್ದರು. ವೈನಿ ನನ್ನನ್ನು ಕಂಡು ಕೈ ಬೀಸಿದರು. ನಾನು ಅತ್ತ ಹೆಜ್ಜೆ ಹಾಕುವಷ್ಟರಲ್ಲಿ ಕಾವಲುಗಾರನ ಸೀಟಿ ಕೇಳಿಸಿತು. "ಅಲ್ಲಲ್ರಿ, ಒಂದ ಗಾಡ್ಯಾಗ ಬಂದಾವ್ರಿಗೆ ಒಂದ ಗುಡಿಸಲ. ನೀವು ಬ್ಯಾರೆ ಬಂದೀರಿ, ಆ ಕಡೆ ಕುಂಡ್ರಿ."

ಬಸ್ಸಿಗೆ ಬರುತ್ತೇನೆ ಎಂದವಳು ನಾನೇ. ಆಚೆಯ ಗುಡಿಸಲಿಗೆ ಹೋಗಿ ಕುಳಿತು ಬುತ್ತಿ ಬಿಚ್ಚಿದೆ. ಆಗಲೇ ಗೊತ್ತಾದದ್ದು ನಾನೆಷ್ಟು ರೊಟ್ಟಿ ಕಟ್ಟಿಕೊಂಡು ಬಂದಿದ್ದೇನೆ ಎಂದು. ಬುತ್ತಿ ಎಂದರೆ ಎಲ್ಲರೂ ನಡುವೆ ಬಿಚ್ಚಿಟ್ಟು, ಇವರ ಪಲ್ಲೆ ಅವರಿಗೆ, ಅವರ ಚಟ್ನಿ ಇವರಿಗೆ. ಒಬ್ಬರಿಗೆ ಬುತ್ತಿ ಕಟ್ಟುವುದು ನನ್ನ ಕೈಗೆ ಗೊತ್ತೇ ಇರಲಿಲ್ಲ. ಎಂಟು ಮಂದಿಗೆ ಸಾಲುವಷ್ಟು ರೊಟ್ಟಿ, ಎಣ್ಣೆಗಾಯಿ ಬದನೆ, ಮೊಸರು. ಅತ್ತ ಗುಡಿಸಲಿನಲ್ಲಿ ಯಾರೋ ಏನೋ ಅಂದರು, ಎಲ್ಲರೂ ನಕ್ಕರು. ನನ್ನ ಬಗ್ಗೆ ಅಲ್ಲ ಎಂದು ಗೊತ್ತಿತ್ತು. ಆದರೂ ಅಳು ಬಂತು. ಒಂದು ರೊಟ್ಟಿ ಮುರಿದು ಬಾಯಿಗಿಟ್ಟೆ, ಇಳಿಯಲಿಲ್ಲ. ಮನೆಯಲ್ಲಿ ಒಬ್ಬಳೇ ಉಂಡಾಗ ಹೀಗಾಗುತ್ತಿರಲಿಲ್ಲ. ನಾಲ್ಕು ಮಂದಿಯನ್ನು ನೋಡುತ್ತ ಒಬ್ಬಳೇ ಉಣ್ಣುವುದಿದೆಯಲ್ಲ, ಅದು ಶತ್ರುವಿಗೂ ಬೇಡ.

ಬುತ್ತಿ ಕಟ್ಟಿಟ್ಟು ಎದ್ದೆ. ಡಬ್ಬಿಯನ್ನು ಗೇಟಿನವನ ಕೈಯಲ್ಲಿ ಕೊಟ್ಟು, ಅವರಿಗೆ ತಲುಪಿಸಪ್ಪಾ ಎಂದು ಹೇಳಿ ಬಸ್ಸು ಹಿಡಿಯೋಣ ಎಂದುಕೊಂಡೆ. ಹೋಗುವ ದಾರಿಯಲ್ಲಿ ತಿರುಗುವ ಕುದುರೆಗಳ ಆಟ ಕಾಣಿಸಿತು. ಇಡೀ ಪಾರ್ಕಿನಲ್ಲಿ ನಡೆಯುತ್ತಿದ್ದ ಆಟ ಅದೊಂದೇ. ಒಂದು ಬಿಟ್ಟು ಒಂದು ಕುದುರೆಗೆ ಕೆಂಪು ಟೇಪು ಸುತ್ತಿದ್ದರು, ಅವುಗಳ ಮೇಲೆ ಕೂರುವಂತಿರಲಿಲ್ಲ. ಬಂದದ್ದಕ್ಕೆ ಇದನ್ನಾದರೂ ಹತ್ತಿ ಹೋಗಬೇಕು ಎಂಬ ಹಟ ಹುಟ್ಟಿತು. ಸೀರೆ ಎತ್ತಿ ಕಟ್ಟಿ ಒಂದು ಬಿಳಿ ಕುದುರೆಯ ಮೇಲೆ ಕುಳಿತೇಬಿಟ್ಟೆ.

ಆಟ ನಡೆಸುವವನು ತಲೆ ಕೆರೆದುಕೊಂಡ. "ಒಬ್ಬರಿಗೇ ಚಾಲೂ ಮಾಡಾಕ ಬರಂಗಿಲ್ರಿ, ಬಾಯಾರ. ಇನ್ನೊಬ್ಬರರ ಬರಲಿ."

ಎಲ್ಲಿಂದ ತರಲಿ ಇನ್ನೊಬ್ಬರನ್ನು? ನಲವತ್ತು ದಾಟಿದ ಗಣಿತದ ಅಕ್ಕೋರು, ನಿಂತ ಕುದುರೆಯ ಮೇಲೆ, ತೊಡೆಯ ಮೇಲೆ ಚೀಲ. ನನ್ನ ವಿದ್ಯಾರ್ಥಿಗಳು ಕಂಡಿದ್ದರೆ ಏನು ಗತಿ! ಇಳಿಯೋಣವೆಂದು ಕಾಲು ಎತ್ತುತ್ತಿದ್ದೆ.

"ತಡೀರಿ, ನಾ ಬರತೇನಿ" ಎಂದು ಹಿಂದಿನಿಂದ ದನಿ ಬಂತು.

ವೈನಿ. ಮೊಣಕಾಲು ನೋವಿನ ಹೆಂಗಸು, ನೆರಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡು, "ಎವ್ವಾ" ಎನ್ನುತ್ತ ಇನ್ನೊಂದು ಕುದುರೆ ಹತ್ತಿದರು. ನಮ್ಮಿಬ್ಬರ ನಡುವೆ ಕೆಂಪು ಟೇಪಿನ ಒಂದು ಕುದುರೆ ಇತ್ತು. ಆಟ ಕಿರ್ರೆಂದು ತಿರುಗತೊಡಗಿತು.

ಒಂದು ಸುತ್ತು ಮುಗಿಯಿತು. ಆಮೇಲೆ ಅವರೇ ಅಂದರು. "ಅಕ್ಕೋರ, ಇನ್ನೂ ನಮ್ಮ ಮ್ಯಾಲೆ ಸಿಟ್ಟ ಐತಿ?"

"ನನಗ್ಯಾಕ ಸಿಟ್ಟ ವೈನಿ? ಮಾತ ಬಿಟ್ಟಾವ್ರು ನೀವು."

"ನಾ ಬಿಟ್ಟೆ, ಖರೇ. ಅಂಜಿಕಿ ಆಗಿತ್ರಿ. ಸಣ್ಣ ಕೂಸಿನ ಮನಿ. ಆದ್ರ ಅಂಜಿಕಿ ಹೋದ ಮ್ಯಾಲೂ ದಿನಾ ನಿಮ್ಮ ಬಾಗಲಾ ನೋಡತಿದ್ದೆ, ಇವತ್ತ ಡಬ್ಬಿ ಬರತೈತಿ, ನಾಳೆ ಬರತೈತಿ ಅಂತ. ವರ್ಷಾತು. ಅಕ್ಕೋರು ಡಬ್ಬಿ ಕೊಡವೊಲ್ರು, ನಮ್ಮ ಮನಿ ಕಡದ ಬಿಟ್ರು ಅಂದ್ಕೊಂಡೆ."

"ನೀವು ಒಮ್ಮೆಯೂ ಕೇಳಲಿಲ್ಲಲ್ಲ! ನನ್ನ ಮನ್ಯಾಗಿನ ಡಬ್ಬಿ ನಿಮಗ ಬ್ಯಾಡಾಗೇತಿ ಅಂತ ನಾ ತಿಳ್ಕೊಂಡೆ."

"ಏ ಹುಚ್ಚೀ," ಎಂದರು ವೈನಿ. ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ಡಬ್ಬಿ ಯಾರರ ಕೇಳತಾರೇನು? ಕೇಳಿ ಇಸ್ಕೊಂಡ್ರ ಮುಗೀತು, ಹೋಗೂದು ಬರೂದು ಅಲ್ಲಿಗೇ ಕಡೀತು. ನಿನ್ನ ಮನ್ಯಾಗ ನನ್ನ ಡಬ್ಬಿ ಐತಿ ಅಂತ ನಾ ಧೈರ್ಯಾ ಹಿಡಕೊಂಡ ಕುಂತಿದ್ದೆ."

ಆ ಡಬ್ಬಿಯನ್ನು ನಾನು ಒಂದು ವರ್ಷ ಅಪಮಾನವೆಂದು ನೋಡಿದ್ದೆ. ರಸ್ತೆಯ ಆ ಬದಿಯಲ್ಲಿ ಅವರು ಅದನ್ನೇ ಧೈರ್ಯವೆಂದು ಹಿಡಿದುಕೊಂಡಿದ್ದರು. ಎರಡು ಬಾಗಿಲುಗಳ ನಡುವೆ ಇದ್ದದ್ದು ಒಂದು ಎತ್ತಿನಗಾಡಿ ಹೋಗುವಷ್ಟು ರಸ್ತೆ. ಆ ಒಂದು ವರ್ಷ ಇನ್ನು ತಿರುಗಿ ಬರುವುದಿಲ್ಲ.

ಚೀಲದಿಂದ ಡಬ್ಬಿ ತೆಗೆದು, ಖಾಲಿ ಕುದುರೆಯ ಮೇಲಿನಿಂದ ಕೈ ಚಾಚಿದೆ. ವೈನಿ ಎರಡೂ ಕೈಯಲ್ಲಿ ಇಸಿದುಕೊಂಡರು. ಮನೆಗೆ ಹೋಗಿ ತೆಗೆಯುತ್ತಾರೆ, ತೆಗೆದು ಏನು ಮಾಡುತ್ತಾರೋ ಎಂದು ನಾನು ಅಂದುಕೊಳ್ಳುತ್ತಿರುವಂತೆಯೇ, ಅಲ್ಲೇ ಮುಚ್ಚಳ ತೆಗೆದರು. ಮಾಸ್ಕನ್ನು ಗದ್ದಕ್ಕೆ ಇಳಿಸಿ ಒಂದು ಉಂಡಿ ಬಾಯಿಗಿಟ್ಟು ಕಡಿದರು. ಕಡಿಯಲಾಗಲಿಲ್ಲ. ಇನ್ನೊಮ್ಮೆ ಕಡಿದರು.

"ಪಾಕ ಏರೇತಿ," ಎಂದರು. "ಹಲ್ಲ ಮುರೀಬೇಕಂತ ಮಾಡ್ಕೊಂಡ ಬಂದಿಯೇನು?"

ಅಂದವರೇ ಆ ಉಂಡಿಯನ್ನು ಕೆಂಪು ಟೇಪಿನ ಕುದುರೆಯ ತಲೆಗೆ ಟಣ್ಣೆಂದು ಕುಟ್ಟಿದರು. ಅದು ಎರಡು ಹೋಳಾಯಿತು. ಒಂದನ್ನು ತಾವು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ನನಗೆ ಚಾಚಿದರು. "ಕುದರಿ ಮುಟ್ಟಬ್ಯಾಡ್ರಿ!" ಎಂದು ಆಟದವನು ಕೂಗಿದ. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ. ತಿರುಗುವುದು ನಿಲ್ಲುವವರೆಗೂ ಇಬ್ಬರೂ ಆ ಉಂಡಿ ಚೀಪಿದೆವು.

ತಿರುಗಿ ಬರುವಾಗ ಕ್ರೂಸರ್‌ನಲ್ಲಿ ಬಂದೆ. ವೈನಿ ಎಲ್ಲರಿಗೂ ಉಂಡಿ ಹಂಚಿದರು. ಒಬ್ಬಿಬ್ಬರು ತಿಂದರು, ಒಬ್ಬಿಬ್ಬರು ಸೆರಗಿನಲ್ಲಿ ಕಟ್ಟಿಕೊಂಡರು. ಕಟ್ಟಿಕೊಂಡವರು ಆಮೇಲೆ ಏನು ಮಾಡಿದರು ಎಂದು ನಾನು ವಿಚಾರಿಸಲು ಹೋಗಲಿಲ್ಲ.

ತಿಂಗಳ ಕೊನೆಗೆ ಟೆಂಪೊ ಬಂತು. ಸಾಮಾನೆಲ್ಲ ಏರಿಸಿ, ಹಗ್ಗ ಬಿಗಿದ ಮೇಲೆ ವೈನಿ ರಸ್ತೆ ದಾಟಿ ನನ್ನ ಅಡುಗೆಮನೆಯವರೆಗೆ ಬಂದರು. ಕೈಯಲ್ಲಿ ಅದೇ ಡಬ್ಬಿ, ತುಂಬ ಮಾದಲಿ. ಮೊದಲಿನ ಜಾಗದಲ್ಲೇ ಅದನ್ನಿಟ್ಟು, "ಇಲ್ಲೇ ಇರಲಿ" ಎಂದಷ್ಟೇ ಹೇಳಿ ಹೋದರು.

ಎದುರು ಮನೆಗೆ ಬೇರೆ ಬಾಡಿಗೆಯವರು ಬಂದಿದ್ದಾರೆ. ಒಳ್ಳೆಯವರೇ ಇರಬೇಕು, ಬಾಗಿಲು ತೆರೆಯುವುದು ಕಡಿಮೆ. ಸಂಜೆ ಶಾಲೆಯಿಂದ ಬಂದು ಬೀಗ ತೆಗೆಯುವಾಗ ಈಗಲೂ ಅಭ್ಯಾಸ ಬಲದಿಂದ ಆ ಕಟ್ಟೆಯ ಕಡೆ ನೋಡುತ್ತೇನೆ. ಉಂಡೆಯಾ ಎಂದು ಕೇಳುವವರಿಲ್ಲ. ರಾಮದುರ್ಗ ದೂರವೇನಲ್ಲ, ಬಸ್ಸಿದೆ. ಆದರೂ ಡಬ್ಬಿ ತುಂಬಿಕೊಂಡು ಹೋಗುವುದನ್ನು ಮುಂದೆ ಹಾಕುತ್ತಲೇ ಇದ್ದೇನೆ. ಕೊಟ್ಟುಬಿಟ್ಟರೆ ನನ್ನ ಅಡುಗೆಮನೆಯಲ್ಲಿ ಅವರದೇನೂ ಉಳಿಯುವುದಿಲ್ಲ.

ಮೊನ್ನೆ ವೈನಿ ಫೋನ್ ಮಾಡಿದ್ದರು. ಬಹಳ ಹೊತ್ತು ಮಾತಾಡಿದರು. ತಮ್ಮ ಮೊಣಕಾಲು ನೋವು ಹೇಳಿಕೊಂಡರು, ಮುರಗೋಡದ ಅಣ್ಣನ ಆರೋಗ್ಯ ಕೇಳಿದರು, ಇವತ್ತೇನು ಅಡುಗೆ ಎಂದು ಕೇಳಿದರು, ಪಾಕ ಈಗಲಾದರೂ ಸರಿ ಬರುತ್ತದೆಯಾ ಎಂದೂ ಕೇಳಿದರು. ಡಬ್ಬಿ ಮಾತ್ರ ಕೇಳಲಿಲ್ಲ.