ಎಪ್ಪತ್ತೊಂದನೆಯ ಚುಕ್ಕೆ

ಆಮ್ರಪಾಲಿ ಮೂಡಲಗಿ ತಾಲೂಕಿನ ಹೊಳೆದಂಡೆಯ ಊರೊಂದರಲ್ಲಿ ಹನ್ನೆರಡು ವರ್ಷಗಳಿಂದ ಪಂಚಾಯಿತಿಯ ಕಂಪ್ಯೂಟರ್ ಕೆಲಸ ನೋಡುತ್ತಿದ್ದಾಳೆ. ಬರೆದದ್ದನ್ನು ಎರಡು ಸಲ ಓದದೆ ಯಾರಿಗೂ ಕಳಿಸುವವಳಲ್ಲ. ಮಳೆಗಾಲದಲ್ಲಿ ಅವಳಿಗೆ ಇನ್ನೊಂದು ಕೆಲಸ ಬೀಳುತ್ತದೆ. ಹುಕ್ಕೇರಿ ಕಡೆಯ ಡ್ಯಾಮಿನಿಂದ ಘಟಪ್ರಭೆಗೆ ಹೆಚ್ಚು ನೀರು ಬಿಡುವ ದಿನ, ಹೊಳೆಯಾಚೆ ಹೊಲ ಇರುವ ಅರವತ್ತು ಮನೆಗಳಿಗೆ ಫೋನಿನಲ್ಲಿ ಮೆಸೇಜು ಕಳಿಸಬೇಕು. ಊರಿನ ಸೇತುವೆ ಗಿಡ್ಡದು, ಬೇಗ ಮುಳುಗುತ್ತದೆ.

ಮೊದಲೆಲ್ಲ ಅವಳು ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳಿಸುತ್ತಿದ್ದಳು. ಅದಕ್ಕೆ ತಕರಾರು ತೆಗೆದವಳು ಉದ್ದವ್ವ. ಅರವತ್ತು ದಾಟಿದ ಮೇಲೆ ಸಾಕ್ಷರತಾ ಕೇಂದ್ರದಲ್ಲಿ ಅಕ್ಷರ ಕಲಿತವಳು. ದಿನಾ ಎರಡು ಎಮ್ಮೆ ಹೊಡೆದುಕೊಂಡು ಆಚೆ ದಂಡೆಗೆ ಹೋಗಿ ಬರುತ್ತಾಳೆ. ಬಟನ್ ಫೋನು ಸೊಂಟದ ಚೀಲದಲ್ಲಿರುತ್ತದೆ.

"ತಂಗಿ, ಮುದುಕಿ ಆದ ಮ್ಯಾಲ ಕನ್ನಡ ಕಲ್ತೇನಿ. ನೀ ಇಂಗ್ಲಿಷ್ ಅಕ್ಷರ ಕಳಿಸಿದ್ರ ಯಾರ ಕಡೆ ಓದಸ್ಲಿ?"

ಆ ಮಾತು ಆಮ್ರಪಾಲಿಗೆ ನಾಟಿತು. ಆಗಸ್ಟ್ ತಿಂಗಳ ಒಂದು ಮುಂಜಾನೆ ಡ್ಯಾಮಿನ ಸುದ್ದಿ ಬಂದಾಗ ಮೊದಲ ಬಾರಿಗೆ ಕನ್ನಡ ಲಿಪಿಯಲ್ಲೇ ಬರೆದಳು: "ಇವತ್ತು ಹೊಳೆಗೆ ಹೆಚ್ಚು ನೀರು ಬಿಡುತ್ತಾರೆ. 4 ಗಂಟೆಯ ನಂತರ ಸೇತುವೆ ದಾಟುವುದು ಬೇಡ." ಎರಡು ಸಲ ಓದಿದಳು. ಅರವತ್ತು ನಂಬರಿಗೂ ಕಳಿಸಿದಳು.

ಮೂರೂವರೆಗೆ ನೀರಗಂಟಿ ಯಲ್ಲಾರಿ ಆಫೀಸಿನ ಬಾಗಿಲಲ್ಲಿ ನಿಂತ.

"ಅಕ್ಕಾರ, ನಾಲ್ಕರ ಮ್ಯಾಲ ಸೇತುವೆ ದಾಟ್ರಿ ಅಂತ ಯಾಕ ಕಳಿಸೀರಿ? ಆಗ ನೀರು ಏರಿರತೈತಲ್ಲ."

"ದಾಟುವುದು ಬೇಡ ಅಂತ ಬರದೇನಿ, ಯಲ್ಲಾರಿ."

ಅವನು ತನ್ನ ಬಟನ್ ಫೋನು ಮುಂದೆ ಹಿಡಿದ. "4 ಗಂಟೆಯ ನಂತರ ಸೇತುವೆ ದಾಟುವುದು" ಎಂಬಲ್ಲಿಗೆ ಮೆಸೇಜು ಮುಗಿದಿತ್ತು. ಪಂಚಾಯಿತಿಯ ನೋಟಿಸಿನಲ್ಲಿ "ಹಾಜರಾಗುವುದು" ಎಂದರೆ ಹಾಜರಾಗಿ ಎಂದೇ ಅರ್ಥ. ಊರವರು ಇದನ್ನೂ ಹಾಗೇ ಓದುತ್ತಾರೆ.

ಆಮ್ರಪಾಲಿ ತನ್ನ ಫೋನಿನಲ್ಲಿ ನೋಡಿದಳು, ಅಲ್ಲಿ ಪೂರ್ತಿ ಇತ್ತು. ಇಬ್ಬರೂ ಪಟ್ಟಿ ಹಂಚಿಕೊಂಡು ಒಬ್ಬೊಬ್ಬರಿಗೇ ಫೋನು ಹಚ್ಚತೊಡಗಿದರು. ದೊಡ್ಡ ಫೋನಿದ್ದವರಿಗೆ ಮೆಸೇಜು ಸರಿಯಾಗಿ ಬಂದಿತ್ತು. ಹೆಚ್ಚಿನವರು ಮನೆಯಲ್ಲೇ ಇದ್ದರು. ಉದ್ದವ್ವ ಮಾತ್ರ ಫೋನು ಎತ್ತಲಿಲ್ಲ. ಅವಳ ಸೊಸೆ ಪಾರವ್ವ ಸಿಕ್ಕಳು.

"ಅತ್ತಿ ದಿನಾ ಮೂರಕ್ಕ ಬರ್ತಿದ್ರು, ಅಕ್ಕಾರ. ಇವತ್ತ ಮೆಸೇಜ್ ಓದಿ, ಪಂಚಾಯ್ತಿಯವ್ರು ನಾಲ್ಕರ ಮ್ಯಾಲ ದಾಟ್ರಿ ಅಂದಾರ ಅಂತ ಅಲ್ಲೇ ಕುಂತಾರ. ಆಗ್ಲೇ ಫೋನ್ ಮಾಡಿ ಹೇಳಿದ್ರು."

ತಾನು ಕಳಿಸಿದ ಮಾತನ್ನು ನಂಬಿಯೇ ಆ ಮುದುಕಿ ಕಾಯುತ್ತಿದ್ದಾಳೆ. ಆಮ್ರಪಾಲಿ ಯಲ್ಲಾರಿಯ ಬೈಕಿನ ಹಿಂದೆ ಕುಳಿತಳು. ದಾರಿಯುದ್ದಕ್ಕೂ ಮತ್ತೆ ಮತ್ತೆ ಅದೇ ನಂಬರು ಒತ್ತಿದಳು. ರಿಂಗಾಗುತ್ತಿತ್ತು, ಅಷ್ಟೇ.

ಸೇತುವೆಯ ಮೇಲೆ ಆಗಲೇ ಪಾದ ಮುಳುಗುವಷ್ಟು ಕೆಂಪು ನೀರು ಹರಿಯುತ್ತಿತ್ತು. ಆಚೆ ತುದಿಯಲ್ಲಿ ಎಮ್ಮೆಗಳ ಹಿಂದೆ ಉದ್ದವ್ವ. ಮುಂದಿನ ಎಮ್ಮೆ ನೀರಿಗೆ ಕಾಲಿಟ್ಟಿತ್ತು. ಆಮ್ರಪಾಲಿ ಕೂಗಿದಳು. ಹೊಳೆಯ ಸದ್ದಿಗೆ ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಕೈ ಬೀಸಿದಳು. ಕರೆಯುತ್ತಿದ್ದಾರೆ ಎಂದುಕೊಂಡು ಉದ್ದವ್ವ ಇನ್ನೆರಡು ಹೆಜ್ಜೆ ಮುಂದೆ ಬಂದಳು.

ಆಗ ಯಲ್ಲಾರಿ ತಲೆಯ ಪಟಗಾ ಬಿಚ್ಚಿದ. ಒಂದು ತುದಿ ಆಮ್ರಪಾಲಿಯ ಕೈಗೆ ಕೊಟ್ಟು, ಇನ್ನೊಂದು ಹಿಡಿದು ರಸ್ತೆಯ ಇನ್ನೊಂದು ಬದಿಯ ಕಲ್ಲಿನ ತನಕ ಓಡಿದ. ಉದ್ದನೆಯ ಬಿಳಿ ಬಟ್ಟೆ ಸೇತುವೆಯ ಬಾಯಿಗೆ ಅಡ್ಡ ನಿಂತಿತು. ಉದ್ದವ್ವ ನಿಂತು ನೋಡಿದಳು. ಹಗ್ಗ ಜಗ್ಗಿ ಎಮ್ಮೆಯನ್ನು ತಿರುಗಿಸಿದಳು. ಅರ್ಧ ತಾಸಿನಲ್ಲಿ ಸೇತುವೆ ಕಾಣದಾಯಿತು. ಆಮ್ರಪಾಲಿ ಅಲ್ಲೇ ಕೆಸರಿನಲ್ಲಿ ಕುಳಿತುಬಿಟ್ಟಳು. ಆಗಲೇ ಯಲ್ಲಾರಿಯ ಫೋನಿಗೆ ಉಳಿದ ಅರ್ಧ ಮೆಸೇಜು ಬಂತು: "ಬೇಡ."

ಮರುದಿನ ಅವಳು ಗೋಕಾಕಿನಲ್ಲಿ ಮೊಬೈಲ್ ರಿಪೇರಿ ಮಾಡುವ ಗಜಾನನನ ಹತ್ತಿರ ಹೋದಳು.

"ಇಂಗ್ಲಿಷ್ ಅಕ್ಷರ ಆದ್ರ ಒಂದ್ ಮೆಸೇಜಿಗೆ ನೂರಾ ಅರವತ್ತು ಹಿಡೀತಾವ್ರಿ," ಎಂದ ಅವನು. "ಕನ್ನಡದ ಒಂದೊಂದು ಗುರುತಿಗೆ ಜಾಸ್ತಿ ಜಾಗ ಬೇಕು, ಅದಕ್ಕ ಬರೇ ಎಪ್ಪತ್ತು. 'ಚ್ಚು' ನಮಗ ಒಂದಕ್ಷರ, ಫೋನಿಗೆ ನಾಕು: ಚ, ಅರ್ಧ ಮಾಡೋ ಗುರುತು, ಮತ್ತ ಚ, ಕೊಂಬು. ಎಪ್ಪತ್ತು ದಾಟಿದ್ರ ತುಂಡಾಗತೈತಿ. ಜೋಡಿಸೋ ಗುರುತಿಗೂ ಜಾಗ ಬೇಕಲ್ಲ, ಹಿಂಗಾಗಿ ಮೊದಲ ತುಂಡಿಗೆ ಅರವತ್ತೇಳೇ. ಹೊಸ ಫೋನು ತುಂಡು ಕೂಡಿಸಿ ತೋರಸ್ತಾವು. ಹಳೇವು ಕೆಲವು ಬಂದ ಹಂಗ ತೋರಸ್ತಾವು. ಸಿಗ್ನಲ್ ಸರಿ ಇರದಿದ್ರ ಎರಡನೇ ತುಂಡು ತಾಸುಗಟ್ಟಲೆ ತಡಾ ಆಗತೈತಿ."

ಅವಳು ಅಲ್ಲೇ ಕಾಗದದ ಮೇಲೆ ಮೆಸೇಜು ಬರೆದು, ಒಂದೊಂದಕ್ಕೂ ಗೀಟು ಹಾಕುತ್ತ ಎಣಿಸಿದಳು. ಖಾಲಿ ಜಾಗವೂ ಸೇರಿ ಎಪ್ಪತ್ತೊಂದು. ಕೊನೆಯದು ಪೂರ್ಣವಿರಾಮ. ಆ ಚುಕ್ಕೆ ಇಡದಿದ್ದರೆ ಮೆಸೇಜು ತುಂಡಾಗುತ್ತಲೇ ಇರಲಿಲ್ಲ. ಅವಳು ಮೂರನೆಯ ಸಲ ಎಣಿಸುವಾಗ ಗಜಾನನ ಚಹಾ ತರಿಸಿದ.

ಎರಡು ದಿನ ಆಚೆ ದಂಡೆಯ ಬೀಗರ ಮನೆಯಲ್ಲಿದ್ದು, ನೀರಿಳಿದ ಮೇಲೆ ಉದ್ದವ್ವ ಬಂದಳು. ಆಮ್ರಪಾಲಿ ಎಲ್ಲವನ್ನೂ ಹೇಳಿದಳು, ಚುಕ್ಕೆಯ ಮಾತನ್ನೂ ಬಿಡಲಿಲ್ಲ.

"ಆಯಿ, ಇನ್ನ ಮೊದಲಿನಂಗ ಇಂಗ್ಲಿಷಿನ್ಯಾಗ ಕಳಸ್ತೇನಿ. ನನಗ ಅಂಜಿಕಿ ಆಗೇತಿ."

"ಓದಾಕ ಬರಲಾರದ್ದು ಕಳಿಸಿ ಏನ್ ಮಾಡ್ತಿ? ಕನ್ನಡದಾಗ ಕಳಿಸು. ಸಣ್ಣದ ಬರಿ."

ಮುಂದಿನ ವಾರ ಮತ್ತೆ ನೀರು ಬಿಟ್ಟರು. "ಸೇತುವೆ ದಾಟಬೇಡಿ. ನೀರು ಬರುತ್ತದೆ" ಎಂದಷ್ಟೇ ಬರೆದು, ಬೆರಳಲ್ಲಿ ಎಣಿಸಿ ಕಳಿಸಿದಳು. ಆದರೂ ಜೀವ ತಡೆಯಲಿಲ್ಲ. ಪಟ್ಟಿ ಹಿಡಿದು ಮನೆಮನೆಗೆ ಹೋಗಿ, ಬಟನ್ ಫೋನಿದ್ದವರ ಕೈಯಿಂದ ಅದನ್ನು ಇಸಿದುಕೊಂಡು, ಏನು ಬಂದಿದೆ ಎಂದು ತಾನೇ ಓದಿ ನೋಡಿದಳು.