ನಾಲ್ಕರ ಹತ್ತಿರದ ಕಲೆ

ತಮ್ಮ ಔರಾದದಿಂದ ಬಂದ ದಿನ ಅಪ್ಪನ ವಾಚನ್ನು ನಾನೇ ಅವನ ಕೈಗಿಟ್ಟೆ. ನನಗೆ ಎಪ್ಪತ್ತೆಂಟು ಮುಗಿದಿತ್ತು. ಇನ್ನು ಅವನಲ್ಲಿರಲಿ ಅನ್ನಿಸಿತ್ತು. ಬೀದರ ಪಕ್ಕದ ಚಿದ್ರಿಯ ನಮ್ಮ ಮನೆಯ ವರಾಂಡದಲ್ಲಿ ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದ.

"ಅಕ್ಕಾ, ಇದು ಅಪ್ಪಂದಲ್ಲ."

"ಹುಚ್ಚ ಹಿಡದದೇನು? ಮತ್ತ ಯಾರ್ದು?"

"ಹಂಗಾರ ಡಯಲ್ ಮ್ಯಾಲಿನ ಕಲೆ ಎಲ್ಲಿ?"

ಮರೆತಿರುತ್ತಾನೆ ಅಂದುಕೊಂಡಿದ್ದೆ, ಹೌ ಸ್ಟುಪಿಡ್ ಆಫ್ ಮಿ. ಆ ಕಲೆ ಅವನದೇ. ಆರು ವರ್ಷದವನಿದ್ದಾಗ ಸಾಯಗಾಂವದಲ್ಲಿ ಸೋದರಮಾವನ ಹೊಲದ ಬಾವಿಗೆ ಬಿದ್ದಿದ್ದ. ಅಪ್ಪ ಅಂಗಿ, ವಾಚ್ ಸಮೇತ ಹಾರಿದ್ದರು. ಇವನೂ ಉಳಿದ, ವಾಚೂ ಉಳಿಯಿತು. ಒಳಗೆ ಹೋದ ನೀರು ಮಾತ್ರ ಡಯಲ್ ಮೇಲೆ, ನಾಲ್ಕರ ಹತ್ತಿರ, ಚಹಾ ಚೆಲ್ಲಿದಂಥ ಕಲೆ ಬಿಟ್ಟಿತು. "ನಿನ್ನ ಬರ್ತ್‌ಮಾರ್ಕ್ ನೋಡು" ಎಂದು ಅವನನ್ನು ಕಾಡಿಸುತ್ತಿದ್ದವಳೂ ನಾನೇ.

"ಸರ್ವೀಸಿಂಗ್‌ಗೆ ಕೊಟ್ಟಿದ್ದೆ. ಭಾಳ ವರ್ಷಾತು, ಭಾಲ್ಕಿಯಾಗ" ಎಂದೆ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

"ಅಲ್ಲೇ ಬದಲಿ ಮಾಡ್ಯಾನ ಕಳ್ಳ! ನಡಿ, ಬಿಚ್ಚಿಸಿ ನೋಡೋಣು. ಡುಪ್ಲಿಕೇಟ್ ಅಂದ್ರ ಭಾಲ್ಕಿಗೆ ಹೋಗಿ ಅಂಗಡಿ ಮುಂದೇ ನಿಂತು ಕೇಳ್ತೇನಿ."

ವಾಚಿನ ಅಂಗಡಿಗೆ ಹೋಗುವಾಗ ಆಟೋದಲ್ಲಿ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಉಗುರು, ಕಾಲರ್ ನೋಡಿಯೇ ನಮ್ಮನ್ನು ಒಳಗೆ ಬಿಡುತ್ತಿದ್ದರು. ಕಲೆ ಎಂದರೆ ಶೇಮ್ ಎಂದು ಕಲಿತವಳು ನಾನು. ಅಪ್ಪ ಹೋಗಿ ವರ್ಷ ತುಂಬಿದಾಗ, ನಮ್ಮ ಮನೆಯ ರೂಢಿಯಂತೆ, ಫೋಟೋದ ಮುಂದೆ ಎಡೆಯ ಜೊತೆ ಅವರ ವಸ್ತುಗಳನ್ನೂ ಇಡಬೇಕಿತ್ತು. ಬೀಗರೆಲ್ಲ ಬರುವವರಿದ್ದರು. ಕನ್ನಡಕ ತೊಳೆದೆ, ಕೋಲಿಗೆ ಎಣ್ಣೆ ತಿಕ್ಕಿದೆ, ವಾಚಿನ ಡಯಲ್‌ಗೆ ಹೊಸ ಬಣ್ಣ ಹಾಕಿಸಿದೆ. ಭಾಲ್ಕಿಯ ರಿಪೇರಿಯವರು "ಬ್ಯಾಡ್ರಿ ಅಮ್ಮಾರ, ಹಳೇದು ಹಂಗೇ ಇರ್ಲಿ" ಅಂದಿದ್ದರು. ಹಟ ಹಿಡಿದವಳು ನಾನು. ಆ ಸಲ ತಮ್ಮನಿಗೆ ರಜೆ ಸಿಕ್ಕಿರಲಿಲ್ಲ. ಆಮೇಲೆ ಅವನು ಬಂದಾಗಲೆಲ್ಲ ವಾಚ್ ಅಲಮಾರಿಯೊಳಗೇ ಇರುತ್ತಿತ್ತು.

ಇನ್ನೊಂದು ಹೆದರಿಕೆ ಆಟೋದಲ್ಲೇ ಹುಟ್ಟಿತು. ಹದಿನೈದು ದಿನ ಅದು ಆ ಅಂಗಡಿಯಲ್ಲಿತ್ತಲ್ಲ, ನಿಜಕ್ಕೂ ಬದಲಾಗಿದ್ದರೆ? ಇಷ್ಟು ವರ್ಷ ಯಾರದೋ ವಾಚನ್ನು ಅಪ್ಪನದೆಂದು ಕಿವಿಗೆ ಹಿಡಿದು ಕೇಳಿದೆನೇ?

ಬೀದರಿನ ಹಳೆ ಊರಿನಲ್ಲಿ ಒಬ್ಬ ವಯಸ್ಸಾದ ವಾಚಿನವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ತೆಗೆದರು.

"ಮಷೀನ್ ಹಳೇದೇ ಅದರಿ. ಕೇಸೂ ಅದರದೇ." ಮುಳ್ಳು ಕಿತ್ತು, ಡಯಲ್ ಬಿಡಿಸಿ, ತಿರುವಿ ಹಾಕಿದರು. "ಡಯಲ್ ಹಿಂದ ಮಷೀನಿಗೆ ಸಿಗಸೋ ಈ ಸಣ್ಣ ಕಾಲು ಕತ್ತರಿಸಿಲ್ಲ, ಬ್ಯಾರೆ ಡಯಲ್ ತಂದು ಅಂಟು ಹಚ್ಚಿಲ್ಲ. ತಗಡು ಒರಿಜಿನಲ್. ಮ್ಯಾಲಿನ ಬಣ್ಣ ಮಾತ್ರ ಕೆರದು ಹೊಸಾದು ಹಾಕ್ಯಾರ. ನೋಡ್ರಿ, ಅಕ್ಷರ ದಪ್ಪ, ಗೆರಿ ಸೊಟ್ಟ."

"ಅಂದ್ರ ಇದು ನಮ್ಮಪ್ಪಂದೇನ್ರಿ?"

"ವಾಚ್ ಖರೇ ಅದ ಅಂತ ಹೇಳ್ತೇನಿ ಸಾಹೇಬ್ರ. ನಿಮ್ಮಪ್ಪಂದು ಅಂತ ನಾ ಹ್ಯಾಂಗ ಹೇಳ್ಲಿ?"

"ಯಾರನ್ನ ಕೇಳಿ ಕೆರದ ಆ ಬದ್ಮಾಶ್?"

"ನನ್ನ ಕೇಳಿ" ಎಂದೆ. "ನಾನೇ ಹಾಕಿಸೀನಿ. ಅವರು ಬ್ಯಾಡ ಅಂದ್ರು. ಹೊಲಸ ಕಾಣ್ತದ ಅಂತ ನಾನೇ..."

ವಾಚಿನವರು ತಲೆ ಬಗ್ಗಿಸಿ ಡಬ್ಬಿಯಲ್ಲಿ ಏನೋ ಹುಡುಕತೊಡಗಿದರು. ತಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ವಾಚ್ ಜೋಡಿಸಿಕೊಟ್ಟ ಮೇಲೆ ಕೈಗೆ ಕಟ್ಟಿಕೊಂಡ, ನನ್ನನ್ನು ಮನೆಗೆ ಬಿಟ್ಟ, ಊಟಕ್ಕೂ ನಿಲ್ಲದೆ ಔರಾದ ಬಸ್ಸಿಗೆ ಹೋದ.

ಎರಡು ದಿನ ಫೋನಿಲ್ಲ. ನಾನು ನಂಬರ್ ತೆಗೆದು ನೋಡುವುದು, ಇಡುವುದು. ಅರವತ್ತು ವರ್ಷದ ಹಿಂದೆ ಬಾವಿಕಟ್ಟೆಯ ಮೇಲೆ ಬರೀ ನೀರು ನೋಡುತ್ತ ನಿಂತಾಗಲೂ ಇದೇ ಹೆದರಿಕೆಯಿತ್ತು.

ಮೂರನೆಯ ದಿನ ಬೆಳಗ್ಗೆ ಅವನೇ ಫೋನ್ ಮಾಡಿದ.

"ಅಕ್ಕಾ, ಇದು ನಿಂತದ. ಚಾವಿ ಎಷ್ಟು ಕೊಡ್ಬೇಕು?"

"ಮುಂಜಾನೆ ಒಂದ್ಸಲ. ಬಿಗಿ ಆತು ಅಂದ್ರ ಬಿಟ್ಬಿಡು, ಜಬರ್ದಸ್ತಿ ಮಾಡಬ್ಯಾಡ."

"ಜಬರ್ದಸ್ತಿ ಬ್ಯಾಡ ಅಂತ ನೀ ಹೇಳ್ತಿ!" ಎಂದ.

ದನಿಯಲ್ಲಿ ನಗುವಿತ್ತೋ ಇಲ್ಲವೋ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.