ಒಂದು ನೂಲೂ ವ್ಯತ್ಯಾಸವಿಲ್ಲದ ದೋಣಿ

ಮೈಸೂರಿನಿಂದ ಬೆಳಿಗ್ಗೆ ಆರೂಕಾಲಕ್ಕೆ ಹೊರಟಾಗ ಸಣ್ಣಗೆ ಹನಿಯುತ್ತಿತ್ತು. ಕಾರ್ತಿಕ ಮಾಸ, ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹೊಳೆನರಸೀಪುರಕ್ಕೆ ಎಂಬತ್ತು ಚಿಲ್ಲರೆ ಕಿಲೋಮೀಟರ್, ಟಿಕೆಟ್ಟಿಗೆ ಇಪ್ಪತ್ತೇಳು ರೂಪಾಯಿ. ನನ್ನ ಸೀಟಿನ ಪಕ್ಕದ ಕಿಟಕಿಗೆ ಗಾಜಿನ ಬದಲು ತಗಡು ಬಡಿದಿದ್ದರು. ಹಾಗಾಗಿ ದಾರಿಯುದ್ದಕ್ಕೂ ನಾನು ನೋಡಿದ್ದು ತಗಡನ್ನೇ. ಕಾಲ ಬಳಿ ಗೋಣಿಚೀಲದಲ್ಲಿ ಸ್ಪ್ಯಾನರುಗಳು, ಒಂದು ಕಾರ್ಬ್ಯುರೇಟರ್, ದೋಣಿಯ ಹಿಂಬದಿಗೆ ಕೂರಿಸುವ ಹಿತ್ತಾಳೆಯ ಫ್ಯಾನು ಇದ್ದವು. ಕಂಡಕ್ಟರ್ ಚೀಲವನ್ನು ಕಾಲಿನಿಂದ ಒತ್ತಿ ನೋಡಿ ಅದಕ್ಕೂ ಲಗೇಜು ಟಿಕೆಟ್ ಹರಿದ.

ನಾನು ಮೋಟಾರ್ ಮೆಕ್ಯಾನಿಕ್. ಹರೆಯದಲ್ಲಿ ಎಂಟು ವರ್ಷ ಬೊಂಬಾಯಿ ಬಂದರಿನಲ್ಲಿ ಮೋಟಾರ್ ದೋಣಿ ರಿಪೇರಿ ಮಾಡಿದ್ದೇನೆ. ಆ ಎಂಟು ವರ್ಷದ ಜಂಬ ಇನ್ನೂ ಇಳಿದಿಲ್ಲ ಎಂದು ಮನೆಯವಳು ಹೇಳುತ್ತಾಳೆ. ಆ ಜಂಬವೇ ನನ್ನನ್ನು ಈ ಪ್ರಯಾಣಕ್ಕೆ ಎಳೆದದ್ದು. ಬಾಗೂರಿನ ರಂಗೇಗೌಡರ ಹಳೇ ಪಂದ್ಯದ ದೋಣಿಯನ್ನು ಮತ್ತೆ ನೀರಿಗಿಳಿಸುವುದಿತ್ತು. ಹಾಸನ ಸೀಮೆಯಲ್ಲಿ ಎಂಥ ಮೋಟಾರ್ ದೋಣಿ ಪಂದ್ಯ ಎಂದು ನೀವು ನಗಬಹುದು. ಎರಡು ವರ್ಷದ ಹಿಂದೆ ಗೌಡರು ನನ್ನ ಗ್ಯಾರೇಜಿಗೆ ಬಂದು ಹೇಳಿದಾಗ ನಾನೂ ನಕ್ಕಿದ್ದೆ.

ಹೊಳೆನರಸೀಪುರದ ನಿಲ್ದಾಣದಲ್ಲಿ ಗೌಡರು ಕೊಡೆ ಮಡಚಿಕೊಂಡು ಕಾಯುತ್ತಿದ್ದರು. ಪಕ್ಕದಲ್ಲೇ ಹೋಗಿ ನಿಂತೆ, ಅವರಿಗೆ ಗುರುತು ಹತ್ತಲಿಲ್ಲ. ಎದುರಿಗೆ ಬಂದ ಮೇಲೆ, "ಓ, ಬಂದ್ರಾ ಸಾ" ಎಂದು ಕೈ ಹಿಡಿದುಕೊಂಡರು. ಅವರ ಕಣ್ಣಿನೊಳಗಿನ ಒತ್ತಡ ಹೆಚ್ಚಿ ನೋಟ ಅಂಚಿನಿಂದ ಕತ್ತಲಾಗುತ್ತ ಬರುತ್ತಿತ್ತು. ಪೂರ್ತಿ ಹೋಗಲು ಹೆಚ್ಚೆಂದರೆ ಯುಗಾದಿ ತನಕ ಎಂದು ಹಾಸನದ ಡಾಕ್ಟರು ಹೇಳಿದ್ದರು.

"ಕೊಳವೇಲಿ ನೋಡ್ದಂಗೆ ಆಗದೆ ಸಾ. ಆ ಕಡೆ ಈ ಕಡೆ ಏನೂ ಇಲ್ಲ. ಆದ್ರೆ ಕೆಂಚಿ ಓಡ್ಸಕೆ ಅಷ್ಟು ಸಾಕು. ಅವಳು ನ್ಯಾರಕ್ಕೆ ಓಗೋಳು" ಎಂದರು. ಕೆಂಚಿ ಎಂದರೆ ದೋಣಿ. ಕೆಂಪು ಬಣ್ಣಕ್ಕೆ ಊರಿನವರು ಇಟ್ಟ ಹೆಸರು.

ಹಳೇಕೋಟೆ ಬಸ್ಸು ಬಂದು ಹೋಯಿತು, ದೋಣಿ ಇದ್ದ ಅರಕಲಗೂಡಿನದು ಬರಲಿಲ್ಲ. ಹೋಟೆಲಿನಲ್ಲಿ ತಣ್ಣಗಿನ ಇಡ್ಲಿ ತಿಂದೆವು. ಅಲ್ಲಿಂದ ಅರಕಲಗೂಡಿನವರೆಗೂ ಗೌಡರು ಮಾತಾಡಿದರು. ಅವರು ಹುಡುಗರಾಗಿದ್ದಾಗ ಸಕಲೇಶಪುರದ ಕಡೆಯ ಕಾಫಿ ತೋಟದ ಸಾಹುಕಾರನೊಬ್ಬನಿಗೆ ಡ್ರೈವರ್. ಮಳೆಗಾಲ ಮುಗಿದು ಕೆರೆಗಳು ತುಂಬಿದ ಮೇಲೆ ತೋಟದವರು ಕೆಳಗಿನ ಸೀಮೆಗೆ ದೋಣಿ ಹೇರಿಕೊಂಡು ಬರುತ್ತಿದ್ದರಂತೆ. ಎರಡು ದೋಣಿ ಅಕ್ಕಪಕ್ಕ ನಿಲ್ಲಬೇಕು, ಬಾವುಟ ಬಿದ್ದೊಡನೆ ನೇರವಾಗಿ ಏರಿಯ ಕಡೆಗೆ ಓಡಬೇಕು. ತಿರುವಿಲ್ಲ, ಸುತ್ತಿಲ್ಲ. ಬಿಟ್ಟ ಉಸಿರು ಎಳೆದುಕೊಳ್ಳುವುದರೊಳಗೆ ಪಂದ್ಯ ಮುಗಿಯುತ್ತಿತ್ತು. ಬೊಂಬಾಯಿಯಲ್ಲಿ ಅಂಥ ದೋಣಿ ಎರಡನ್ನು ಮಾತ್ರ ನೋಡಿದ್ದೆ. ತಳ ತಟ್ಟೆಯ ಹಾಗೆ ಚಪ್ಪಟೆ, ಮೈಯೆಲ್ಲ ತೆಳು ಪ್ಲೈವುಡ್ಡು, ಹೊಟ್ಟೆಯಲ್ಲಿ ದೊಡ್ಡ ಕಾರಿನ ಇಂಜಿನ್ನು. ವೇಗ ಹಿಡಿದಾಗ ಮೂತಿ ಮೇಲೆದ್ದು ಬಾಲವಷ್ಟೇ ನೀರಿಗೆ ತಾಕಿರುತ್ತದೆ.

"ಆ ಮೂತಿ ಏಳೋ ಒತ್ತು ಐತಲ್ಲ ಸಾ, ಆಗ ಕೆರೆ ಕಾಣಲ್ಲ, ಏರಿ ಕಾಣಲ್ಲ. ಕೆಂಪು ಮೂತಿ, ಅದ್ರ ಮ್ಯಾಗೆ ಆಕಾಸ. ಅದ ಇನ್ನೊಂದು ಸಲ ನೋಡ್ಬುಟ್ರೆ ಕಣ್ಣು ಓದ್ರೂ ಓಗ್ಲಿ."

ಸಾಹುಕಾರ ತೋಟ ಮಾರಿಕೊಂಡು ಹೋದಾಗ, ಗೌಡರೇ ಓಡಿಸುತ್ತಿದ್ದ ಅವನ ದೋಣಿ ಅವರ ಪಾಲಿಗೆ ಬಂತು. ಇಂಜಿನ್ನನ್ನು ಕಿತ್ತು ಆಲೆಮನೆಗೆ ಕೂರಿಸಿದರು. ಇಪ್ಪತ್ತು ವರ್ಷ ಅದು ಕಬ್ಬು ಅರೆಯಿತು, ಹಾಗಾಗಿ ಬದುಕಿ ಉಳಿಯಿತು. ಬರೀ ಮೈ ಉಳಿದ ದೋಣಿ ಹುಲ್ಲಿನ ಮೆದೆಯ ಪಕ್ಕ ಬೋರಲು ಬಿದ್ದು, ಅದರ ತಳ ಮಳೆಗೆ ಕೊಳೆಯಿತು. ಕಣ್ಣು ಹೋಗುತ್ತದೆ ಎಂದು ಗೊತ್ತಾದ ಮೇಲೆ ಗೌಡರು ಇಂಜಿನ್ನನ್ನು ಮೈಸೂರಿಗೆ, ನನ್ನಲ್ಲಿಗೆ ತಂದರು. ದೋಣಿಯನ್ನು ಹೆಂಡತಿಯ ತವರಾದ ಅರಕಲಗೂಡಿಗೆ, ತಮ್ಮ ಸ್ನೇಹಿತ ಕಾಳಾಚಾರಿಗಳಲ್ಲಿಗೆ ಸಾಗಿಸಿದರು. ಆಚಾರಿ ಎತ್ತಿನ ಗಾಡಿ ಮಾಡುವುದರಲ್ಲಿ ಹೆಸರಾದವರು. ದೋಣಿ ಮುಟ್ಟಿದ್ದು ಇದೇ ಮೊದಲು.

ನನಗೂ ಆಚಾರಿಗೂ ಮುಖ ಪರಿಚಯವಿರಲಿಲ್ಲ, ಕಾರ್ಡು ಬರೆದುಕೊಳ್ಳುತ್ತಿದ್ದೆವು. ಹೋಗಿ ನೋಡಿಬರಲು ಅರ್ಧ ದಿನದ ದಾರಿ. ಗ್ಯಾರೇಜಿನಲ್ಲಿ ಕೆಲಸ ಎಂದು ನೆಪ ಹೇಳಿಕೊಂಡು ಒಮ್ಮೆಯೂ ಹೋಗಲಿಲ್ಲ. ಸಿದ್ಧವಾದ ಇಂಜಿನ್ನನ್ನೂ ಹಿಂದಿನ ವಾರ ಲಾರಿಗೆ ಹೇರಿ ಕಳಿಸಿದ್ದೆ. ಅದು ಸೋಮಾರಿತನ, ಬೇರೆ ಹೆಸರಿಲ್ಲ.

ಅರಕಲಗೂಡಿನಲ್ಲಿ ಇಳಿದಾಗ ಹನ್ನೆರಡಾಗಿತ್ತು. ಕಾಳಾಚಾರಿಗಳ ಕೊಟ್ಟಿಗೆಯಲ್ಲಿ ದೋಣಿ ಎರಡು ದಿಮ್ಮಿಗಳ ಮೇಲೆ ಕೂತಿತ್ತು. ಕೆಂಪು ಬಣ್ಣ ಹೊಳೆಯುತ್ತಿತ್ತು, ಒಂದು ಸಂದೂ ಕಣ್ಣಿಗೆ ಬೀಳುತ್ತಿರಲಿಲ್ಲ. ಅಷ್ಟು ಚೆಂದದ ಮರಗೆಲಸವನ್ನು ನಾನು ಬೊಂಬಾಯಿಯಲ್ಲೂ ನೋಡಿಲ್ಲ. ಗೌಡರು ತೀರ ಹತ್ತಿರ ಹೋಗಿ, ಮೂಗು ತಾಗುವಷ್ಟು ಬಗ್ಗಿ, ಮೈಯುದ್ದಕ್ಕೂ ಕೈಯಾಡಿಸಿದರು. ನಾನು ಇಂಜಿನ್ನು ಕೂರಿಸುವ ಜಾಗ ನೋಡಲೆಂದು ಒಳಗಿಳಿದು ತಳವನ್ನು ಬೆರಳಿನ ಗೆಣ್ಣಿನಿಂದ ತಟ್ಟಿದೆ. ಕಲ್ಲು ತಟ್ಟಿದ ಹಾಗೆ ಸದ್ದು ಬಂತು.

"ಆಚಾರ್ರೇ, ತಳ ಎಷ್ಟು ದಪ್ಪ?"

"ಅತ್ತು ನೂಲು ಸಾ. ಒನ್ನೆ ಮರ, ಚೇಗು. ನಮ್ಮ ಕಾಲ ಮುಗುದ್ರೂ ಏನಾಗಕಿಲ್ಲ" ಎಂದು ಆಚಾರಿ ಮಂದಹಾಸ ಬೀರಿದರು.

ಒಂದು ಇಂಚಿಗೆ ಎಂಟು ನೂಲು. ಹತ್ತು ನೂಲೆಂದರೆ ಒಂದೂಕಾಲು ಇಂಚು. ಆ ಜಾತಿಯ ದೋಣಿಗೆ ಇರಬೇಕಾದದ್ದು ಮೂರು ನೂಲು. ಇಷ್ಟು ಭಾರಕ್ಕೆ ಮೂತಿ ಏಳುವುದು ಅನುಮಾನ. ಯಾರು ಹೇಳಿದ ಅಳತೆ ಎಂದು ಕೇಳಿದೆ. ಆಚಾರಿ ಗೋಡೆಯ ಕಡೆ ಹೋಗಿ, ದೇವರ ಪಟದ ಹಿಂದಿನಿಂದ ಅರಿಸಿನದ ಕಲೆಯಾಗಿದ್ದ ಒಂದು ಕಾರ್ಡು ತೆಗೆದು ತಂದರು. ನನ್ನದೇ ಅಕ್ಷರ. ತಳದ ಹಲಗೆ ಎಷ್ಟು ದಪ್ಪ ಇರಬೇಕು ಎಂದು ಅವರು ಕೇಳಿದ್ದಕ್ಕೆ ನಾನು ಬರೆದಿದ್ದೆ: "ಹಳೆಯದು ಎಷ್ಟಿದೆಯೋ ಅಷ್ಟೇ ಇರಲಿ. ಒಂದು ನೂಲೂ ವ್ಯತ್ಯಾಸ ಆಗಬಾರದು."

ಹಳೇ ತಳದ ಒಂದು ತುಂಡನ್ನೂ ಅವರು ಸಾಕ್ಷಿಗೆ ಎತ್ತಿಟ್ಟಿದ್ದರು. ಇಪ್ಪತ್ತು ಮಳೆಗಾಲ ನೀರು ಕುಡಿದು ಪ್ಲೈವುಡ್ಡಿನ ಪದರಗಳು ಬಿಟ್ಟುಕೊಂಡು, ನಡುವೆ ಮಣ್ಣು ಸೇರಿ, ಉಬ್ಬಿ ಹತ್ತು ನೂಲಾಗಿತ್ತು. ಹುಟ್ಟಿದಾಗಿನಿಂದ ಪ್ಲೈವುಡ್ಡು ಬಳಸದ ಮನುಷ್ಯ ಅದನ್ನೇ ಅಳೆದಿದ್ದರು. ಎಲ್ಲಿಯೂ ತಪ್ಪಿರಲಿಲ್ಲ. "ಇದು ಎಂಥ ಕಳಪೆ ಮರವೋ ಸಾ, ಇಟ್ಟಿಟ್ಟಾಗದೆ. ಅಳತೆ ಅದೇ ಇಟ್ಟು ಒಳ್ಳೆ ಮರ ಆಕಿವ್ನಿ" ಎಂದರು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮರುದಿನಕ್ಕೆ ಲಾರಿ ಗೊತ್ತಾಗಿತ್ತು, ಗೌಡರು ಇನ್ನೂ ದೋಣಿಯ ಮೂತಿ ಸವರುತ್ತಿದ್ದರು. ಇಂಜಿನ್ನಿಗೆ ತಾಕತ್ತಿದೆ, ಎಳೆದರೂ ಎಳೆದೀತು ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು, ಕತ್ತಲಾಗುವವರೆಗೆ ಬೋಲ್ಟು ಬಿಗಿದೆ. ಆಚಾರಿಯ ಮನೆಯಲ್ಲಿ ಮುದ್ದೆ, ಅವರೆಕಾಳಿನ ಸಾರು. ಒಳ್ಳೆಯ ಊಟವೇ.

ಎರಡನೆಯ ದಿನ ಬೆಳಿಗ್ಗೆ ದೋಣಿಯನ್ನು ಲಾರಿಗೆ ಏರಿಸಲು ಹದಿನಾಲ್ಕು ಜನ ಬೇಕಾದರು. "ಆಗ ಆರು ಜನ ಎತ್ತಿ ಇಡ್ತಿದ್ವಿ" ಎಂದರು ಗೌಡರು. ಸ್ವಲ್ಪ ಹೊತ್ತಾದ ಮೇಲೆ ತಾವೇ, "ಆಗಿನ ಆಳು ಅಂಗಿದ್ರು" ಎಂದು ಸಮಾಧಾನ ಹೇಳಿಕೊಂಡರು. ನಾನು ಹಗ್ಗ ಬಿಗಿಯುವವನಂತೆ ಆ ಕಡೆ ತಿರುಗಿಕೊಂಡೆ.

ಹಾಸನಕ್ಕೆ ಬರುವಾಗ ಎಂಟು ದಾಟಿತ್ತು. ಮಂಜು ಇನ್ನೂ ಬಿಟ್ಟಿರಲಿಲ್ಲ. ಬಸ್ ನಿಲ್ದಾಣದ ಹತ್ತಿರ ಲಾರಿ ನಿಲ್ಲಿಸಿದ್ದೇ ತಡ, ಜನ ಸೇರಿದರು. ಯಾವ ಸಿನಿಮಾಕ್ಕೆ ಎಂದು ಒಬ್ಬ ಕೇಳಿದ. ಆಚಾರಿ ದೋಣಿಯಿಂದ ಕೆಳಗಿಳಿಯದೆ ಎಲ್ಲರಿಗೂ ಉತ್ತರ ಕೊಡುತ್ತಿದ್ದರು. ಗೌಡರೂ ನಾನೂ ಹೋಟೆಲಿನೊಳಗೆ ಕೂತೆವು. ಅವರು ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿದು ನನ್ನ ಮುಖಕ್ಕೇ ನೋಟ ನೆಟ್ಟು ಕೇಳಿದರು.

"ನೀವು ತಿಳ್ದೋರು ಸಾ. ಮೂತಿ ಎತ್ತುತ್ತಾ?"

"ನೋಡೋಣ ಗೌಡರೇ" ಎಂದೆ. ಅವರು ಲೋಟ ಕೆಳಗಿಟ್ಟರು. ದೋಸೆ ಅರ್ಧಕ್ಕೇ ಬಿಟ್ಟರು. ಅಲ್ಲಿಂದ ಚನ್ನರಾಯಪಟ್ಟಣಕ್ಕೆ ಮೂವತ್ತೆಂಟು ಕಿಲೋಮೀಟರ್. ಶಾಂತಿಗ್ರಾಮದಲ್ಲಿ ಡ್ರೈವರು ಚಕ್ರದ ಗಾಳಿ ನೋಡಲು ನಿಲ್ಲಿಸಿದ್ದು ಬಿಟ್ಟರೆ ಲಾರಿ ಎಲ್ಲೂ ನಿಲ್ಲಲಿಲ್ಲ, ದೋಣಿ ಅಲುಗದಂತೆ ತೀರ ನಿಧಾನಕ್ಕೆ ಹೋಯಿತು.

ಬಾಗೂರಿನಾಚೆಯ ಕೆರೆಗೆ ತಲುಪಿದಾಗ ಮಧ್ಯಾಹ್ನ ಒಂದು ಗಂಟೆ. ಮೋಡ ಮುಚ್ಚಿ ನೀರು ಬೂದಿ ಬಣ್ಣಕ್ಕೆ ತಿರುಗಿತ್ತು. ಬಾಳೆದಿಂಡುಗಳನ್ನು ಸಾಲಾಗಿ ಹಾಸಿ, ಅವುಗಳ ಮೇಲೆ ದೋಣಿಯನ್ನು ಜಾರಿಸಿ ನೀರಿಗಿಳಿಸಿದರು. ತೆಂಗಿನಕಾಯಿ ಒಡೆದಾಯಿತು. ಆಚಾರಿ ಒಳಗಿಳಿದು, ಪಂಚೆ ಎತ್ತಿ ಕಟ್ಟಿಕೊಂಡು, ತಳವನ್ನೆಲ್ಲ ಅಂಗೈಯಿಂದ ಒರೆಸಿ ನೋಡಿದರು. ಅಂಗೈ ಒಣಗಿಯೇ ಇತ್ತು. ಕೈಯೆತ್ತಿ ನಮಗೆ ತೋರಿಸಿದರು.

ಗೌಡರು ಒಬ್ಬರೇ ಕೂತರು. ಇಂಜಿನ್ನು ಮೊದಲ ತಿರುವಿಗೇ ಹತ್ತಿಕೊಂಡಿತು. ಏರಿಯ ಮೇಲಿದ್ದ ಕೊಕ್ಕರೆಗಳೆಲ್ಲ ಎದ್ದವು. ಗೌಡರು ಪೂರ್ತಿ ಎಣ್ಣೆ ಕೊಟ್ಟರು. ದೋಣಿ ಮೂತಿಯೆದುರು ನೀರನ್ನು ಗುಡ್ಡೆ ಹಾಕಿಕೊಂಡು ತಳ್ಳುತ್ತ ಹೊರಟಿತು, ಕೆಸರುಗದ್ದೆಯಲ್ಲಿ ಕೋಣ ನಡೆದ ಹಾಗೆ. ಸದ್ದು ಊರೇ ಕೇಳುವಷ್ಟಿತ್ತು, ವೇಗ ಸೈಕಲ್ಲಿನಷ್ಟೂ ಇರಲಿಲ್ಲ. ಮೂತಿ ಒಂದು ಗೇಣೂ ಏಳಲಿಲ್ಲ. 

ಪಕ್ಕದಲ್ಲಿದ್ದ ಆಚಾರಿ, "ಎಂಗೆ ಓಯ್ತದೆ ನೋಡಿ ಸಾ, ಅಲುಗಾಟ ಇಲ್ಲ" ಎಂದರು. ಅವರು ಅಂಥ ದೋಣಿ ಓಡಿದ್ದನ್ನು ನೋಡಿದವರಲ್ಲ. ಓಡುವುದೆಂದರೆ ಹೀಗೇ ಎಂದುಕೊಂಡಿದ್ದರು.

ಗೌಡರು ಹೋಗಿ ತಿರುಗಿ ಬಂದರು. ಆಚಾರಿ ದೂರದಲ್ಲಿ ಜನರಿಗೆ ಕಾಯಿಚೂರು ಹಂಚುತ್ತಿದ್ದರು. ನಾನು ಮೊಣಕಾಲುದ್ದ ನೀರಿಗಿಳಿದು ಹಗ್ಗ ಹಿಡಿದುಕೊಂಡೆ.

"ಏಳ್ನಿಲ್ಲ ಸಾ" ಎಂದರು ಗೌಡರು.

ಎಲ್ಲ ಹೇಳಿಬಿಟ್ಟೆ. ಮೂರು ನೂಲು ಇರಬೇಕಾದದ್ದು, ಉಬ್ಬಿದ ತುಂಡು, ನನ್ನ ಕಾರ್ಡು. ತಪ್ಪು ನನ್ನದು, ಆಚಾರಿಯದಲ್ಲ ಎಂದೆ. ಅವರು ಸ್ಟೀರಿಂಗ್ ಚಕ್ರದ ಮೇಲಿಂದ ಕೈ ತೆಗೆಯದೆ ಕೇಳಿದರು.

"ತೆಳ್ಳಗೆ ಮಾಡುದ್ರೆ ಎಷ್ಟು ದಿನ?"

"ತಳ ಪೂರ್ತಿ ಕೀಳಬೇಕು. ಏನಿಲ್ಲವೆಂದರೂ ಒಂದು ವರ್ಷ."

ಒಂದು ವರ್ಷ ಎಂಬ ಮಾತು ಬಾಯಿಂದ ಹೋದ ಮೇಲೆ ಯುಗಾದಿಯ ನೆನಪಾಯಿತು. ಗೌಡರು ಬಗ್ಗಿ ಕೆರೆಯ ನೀರನ್ನು ಬೊಗಸೆಯಲ್ಲಿ ತೆಗೆದು ಮುಖಕ್ಕೆ ಹಾಕಿಕೊಂಡರು. ಅಳುತ್ತಿದ್ದರೋ ಏನೋ, ನೀರಿನಲ್ಲಿ ತಿಳಿಯಲಿಲ್ಲ. ನನ್ನ ಮೇಲೆ ಎರಡು ಮಾತು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಅವ್ನಿಗೆ ಮಾತ್ರ ಏಳ್ಬ್ಯಾಡಿ. ಒಂದೂವರೆ ವರ್ಸ ಬೇರೆ ಕೆಲ್ಸ ಮುಟ್ದೆ ಮಾಡವ್ನೆ. ಈಗ ಹಗ್ಗ ಬಿಡಿ" ಎಂದರು.

"ಯಾಕೆ ಗೌಡರೇ?"

"ಎಣ್ಣೆ ಮುಗಿಯೋಗಂಟ ಓಡುಸ್ತೀನಿ. ಅವನು ನೋಡ್ತಾವ್ನೆ."

ನಾಲ್ಕೂವರೆಯ ಬಸ್ಸಿಗೆ ಆಚಾರಿಯೂ ನಾನೂ ಚನ್ನರಾಯಪಟ್ಟಣಕ್ಕೆ ಹೊರಟೆವು. ರಸ್ತೆ ಕೆರೆಯ ಏರಿಯ ಮೇಲೆಯೇ ಹೋಗುತ್ತದೆ. ಕಿಟಕಿಯಿಂದ ದೋಣಿ ಕಾಣಿಸಿತು. ಕೆಂಪು ಮೂತಿಯನ್ನು ನೀರಿಗೆ ಒತ್ತಿಕೊಂಡು, ಆ ದಡದಿಂದ ಈ ದಡಕ್ಕೆ ನೇರವಾಗಿ, ನಿಧಾನವಾಗಿ ಬರುತ್ತಿತ್ತು. ಗೌಡರ ತಲೆ ಒಂದಿಷ್ಟೂ ಆ ಕಡೆ ಈ ಕಡೆ ಆಡಲಿಲ್ಲ. ಆಚಾರಿ ಸೀಟಿನಿಂದ ಎದ್ದು ಕೈಬೀಸಿದರು. ಪಕ್ಕದ್ದು ಗೌಡರಿಗೆ ಕಾಣುವುದಿಲ್ಲ ಎಂದು ನಾನು ಹೇಳಲಿಲ್ಲ.

ಚನ್ನರಾಯಪಟ್ಟಣದ ನಿಲ್ದಾಣದಲ್ಲಿ ಮೈಸೂರಿನ ಬಸ್ಸು ಹೊರಡಲು ಹತ್ತು ನಿಮಿಷವಿತ್ತು. ಆಚಾರಿ ಟೀ ಕುಡಿಸಿದರು. ಆಮೇಲೆ ಸಂಕೋಚದಿಂದ ಜೇಬಿನಿಂದ ಅದೇ ಕಾರ್ಡು ತೆಗೆದರು.

"ನಮ್ಮಪ್ಪನ ಕಾಲದಿಂದ್ಲೂ ಗಾಡಿ ಕೊಟ್ಟಾಗ ತಿಳ್ದೋರ ಕೈಲಿ ಒಂದು ಮಾತು ಬರುಸ್ಕೊತೀವಿ ಸಾ. ಕೆಲ್ಸ ಎಂಗಾಗದೆ ಅಂತ. ದೋಣಿ ಮಾಡಿದ್ದು ಇದೊಂದೇ. ಇದ್ರ ಕೆಳ್ಗೇ ಬರ್ದುಕೊಡಿ."

ಕಾರ್ಡಿನಲ್ಲಿ ನನ್ನ ಅಕ್ಷರದ ಕೆಳಗೆ ಎರಡು ಬೆರಳಿನಷ್ಟು ಜಾಗವಿತ್ತು. ಪೆನ್ನು ಹಿಡಿದು ತುಂಬಾ ಹೊತ್ತು ನಿಂತೆ. ಕಂಡಕ್ಟರ್ ಸೀಟಿ ಊದಿದ. "ಹೇಳಿದ ಅಳತೆಗೆ ಒಂದು ನೂಲೂ ವ್ಯತ್ಯಾಸವಿಲ್ಲ" ಎಂದು ಬರೆದು ಸೈನು ಹಾಕಿದೆ.

ಆಚಾರಿ ಅದನ್ನು ಅಕ್ಷರ ಕೂಡಿಸಿಕೊಂಡು ಎರಡು ಸಲ ಓದಿದರು. ಮತ್ತೆ ಶುರುವಾಗಿದ್ದ ಮಳೆಯ ಹನಿ ಬೀಳದಂತೆ ಅಂಗಿಯೊಳಗೆ ಇಟ್ಟುಕೊಂಡು, ಬಸ್ಸು ತಿರುವು ದಾಟುವವರೆಗೂ ನನಗೆ ಕೈಮುಗಿದುಕೊಂಡೇ ನಿಂತಿದ್ದರು.